ಎಲೆ ನೋಡದೆ ಆಡುವವರು

ಇಸ್ಪೀಟಿನ ಬಗ್ಗೆ ಒಬ್ಬ ಶಿಕ್ಷಕಿ ಬರೆಯುವುದೆ ಎಂದು ನಿಮ್ಮಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸಿದವಳು ನಾನು. ದುಡ್ಡು ಕಟ್ಟಿ ಎಲೆ ಹಿಡಿದವಳಲ್ಲ. ಹಿಡಿಯುವವರನ್ನು ಮೆಚ್ಚಿದವಳೂ ಅಲ್ಲ. ಆದರೆ ಹುಣಸೆ ಬೀಜ ಕಟ್ಟಿ ಆಡಿದ್ದೇನೆ. ಆ ಆಟದಲ್ಲಿ ಕಲಿತ ಒಂದು ಪಾಠ, ಐವತ್ತು ದಾಟಿದ ಮೇಲೆ ಬಂದ ಒಂದು ಕಷ್ಟದಲ್ಲಿ ನನ್ನ ನೆರವಿಗೆ ಬಂತು. ಬಂದು, ನಾನು ಮಾಡಿದ್ದು ಸರಿಯೋ ತಪ್ಪೋ ಎಂಬ ಪ್ರಶ್ನೆಯೊಂದನ್ನು ಬಿಟ್ಟುಹೋಯಿತು. ಆ ಪ್ರಶ್ನೆಯನ್ನೇ ನಿಮ್ಮ ಮುಂದೆ ಇಡಬೇಕೆಂದು ಕೂತಿದ್ದೇನೆ.

ನನ್ನ ತವರು ಸಿರಿಗೇರಿ. ತುಂಗಭದ್ರೆಯ ಕಾಲುವೆ ಬಂದ ಮೇಲೆ ನಮ್ಮ ಸೀಮೆ ಭತ್ತದ ಸೀಮೆಯಾಯಿತು. ದೀಪಾವಳಿಯ ಹೊತ್ತಿಗೆ ಗದ್ದೆಯಲ್ಲಿ ತೆನೆ ತುಂಬುತ್ತಿರುತ್ತದೆ; ಮನೆಯಲ್ಲಿ ನೆಂಟರು ತುಂಬಿರುತ್ತಾರೆ. ಲಕ್ಷ್ಮೀಪೂಜೆ ಮುಗಿದ ರಾತ್ರಿ ಮಾತ್ರ ನಮ್ಮ ಮನೆಯಲ್ಲಿ ಎಲೆ ಆಡಲು ಅಪ್ಪಣೆ. ಗಂಡಸರು ಹೊರಗೆ ಕಟ್ಟೆಯ ಮೇಲೆ, ಹೆಂಗಸರು ಮಕ್ಕಳು ಪಡಸಾಲೆಯಲ್ಲಿ. ನಮ್ಮ ಪಣ ಹುಣಸೆ ಬೀಜ. ಒಬ್ಬೊಬ್ಬರಿಗೆ ಐವತ್ತು ಬೀಜ ಎಣಿಸಿ ಕೊಡುತ್ತಿದ್ದವಳು ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಓದು ಬರದು, ಲೆಕ್ಕ ಮಾತ್ರ ಎಂದೂ ತಪ್ಪದು.

ಆಟ ಮೂರೆಲೆಯದು. ತೀನ್ ಪತ್ತಿ ಎಂದರೆ ನಿಮಗೆ ಬೇಗ ತಿಳಿದೀತು. ಆಟ ಶುರುವಾಗುವ ಮೊದಲು ಎಲ್ಲರೂ ಒಂದೊಂದು ಬೀಜ ನಡುವೆ ಇಡಬೇಕು. ಆಮೇಲೆ ಒಬ್ಬೊಬ್ಬರಿಗೆ ಮೂರು ಎಲೆ. ಎಲೆ ನೋಡಿಯೂ ಆಡಬಹುದು, ನೋಡದೆಯೂ ಆಡಬಹುದು. ನೋಡದೆ ಆಡುವುದಕ್ಕೆ ಬ್ಲೈಂಡ್ ಎನ್ನುತ್ತಾರೆ. ನೋಡದವನು ಒಂದು ಬೀಜ ಹಾಕಿದರೆ ನೋಡಿದವನು ಎರಡು ಹಾಕಬೇಕು. ಬೇಡವೆನಿಸಿದರೆ ಎಲೆ ಕೆಳಗಿಟ್ಟು ‘ಪ್ಯಾಕ್’ ಅನ್ನಬೇಕು. ಆಗ ನಡುವೆ ಇಟ್ಟ ಬೀಜ ಹೋಯಿತು. ಕಡೆಗೆ ಇಬ್ಬರೇ ಉಳಿದಾಗ ಒಬ್ಬರು ‘ಶೋ’ ಕೇಳಬಹುದು. ಆಗ ಎಲೆ ಮೇಲ್ಮುಖವಾಗುತ್ತದೆ, ಯಾರ ಕೈಯಲ್ಲಿ ಏನಿತ್ತೆಂದು ಎಲ್ಲರಿಗೂ ಕಾಣುತ್ತದೆ.

ಬಳ್ಳಾರಿಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ನನ್ನ ಸೋದರಮಾವ ಪ್ರತಿ ದೀಪಾವಳಿಗೂ ಬರುತ್ತಿದ್ದ. ದೊಡ್ಡ ದನಿ, ದೊಡ್ಡ ನಗು. ಕಟ್ಟೆಯ ಮೇಲಿನ ಆಟ ಬೇಸರವಾದರೆ ಒಳಗೆ ಬಂದು ನಮ್ಮ ಜೊತೆ ಕೂಡುತ್ತಿದ್ದ. ಎಲೆಯನ್ನು ಮುಟ್ಟಿಯೂ ನೋಡುತ್ತಿರಲಿಲ್ಲ. “ಎರಡು!” “ನಾಲ್ಕು!” “ಎಂಟು!” ಎಂದು ಬೀಜಗಳನ್ನು ನೆಲಕ್ಕೆ ಬಡಿದು ಬಡಿದು ಹಾಕುತ್ತಿದ್ದ. ನಾವು ಹುಡುಗಿಯರು ಕೈಯಲ್ಲಿ ಜೋಡಿ ಇದ್ದರೂ ಹೆದರಿ ಪ್ಯಾಕ್ ಅನ್ನುತ್ತಿದ್ದೆವು. ಅಣ್ಣ ಮಾತ್ರ ಸಿಟ್ಟಿಗೆದ್ದು ತಾನೂ ಎಲೆ ನೋಡದೆ ಎಂಟಕ್ಕೆ ಹದಿನಾರು ಹಾಕಿ, ಐವತ್ತೂ ಬೀಜ ಕಳೆದುಕೊಂಡು, ಅಳು ನುಂಗುತ್ತ ಮಲಗಲು ಹೋಗುತ್ತಿದ್ದ.

ದೊಡ್ಡವ್ವ ಹಾಗಲ್ಲ. ಎರಡೆಲೆ ಗೋಡೆಗೆ ಒರಗಿಕೊಂಡು ಮೊದಲ ಹತ್ತು ಆಟ ಸುಮ್ಮನೆ ನೋಡುತ್ತಿದ್ದಳು. ಆಮೇಲೆ ತನ್ನ ಎಲೆ ಎತ್ತಿ ನೋಡಿ, ಇಟ್ಟು, ಮಾವ ಎಷ್ಟು ಹಾಕಿದರೂ ನಿಯಮದಂತೆ ಅದರ ಎರಡರಷ್ಟು ಹಾಕಿ ಸುಮ್ಮನಾಗುತ್ತಿದ್ದಳು. ತಾನಾಗಿ ಏರಿಸುತ್ತಿರಲಿಲ್ಲ. “ಹಾಕಪ್ಪ, ನೀನು ಹಾಕು” ಅನ್ನುತ್ತಿದ್ದಳು, ಊಟಕ್ಕೆ ಬಡಿಸುವ ದನಿಯಲ್ಲಿ. ಮಾವ ಹಾಕುತ್ತಲೇ ಹೋಗುತ್ತಿದ್ದ. ಬೀಜದ ರಾಶಿ ದೊಡ್ಡದಾದ ಮೇಲೆ ದೊಡ್ಡವ್ವ ಶೋ ಕೇಳುತ್ತಿದ್ದಳು. ಎಲೆ ತಿರುಗಿಸಿದರೆ ಅವಳ ಕೈಯಲ್ಲೇನೂ ಮಹಾ ಇರುತ್ತಿರಲಿಲ್ಲ, ಒಂದು ಎಕ್ಕ. ಆದರೆ ಮಾವನ ಕೈಯಲ್ಲಿ ಅದೂ ಇರುತ್ತಿರಲಿಲ್ಲ.

ಒಮ್ಮೆ ಕೇಳಿದೆ: “ಅಷ್ಟು ಸಣ್ಣ ಎಲಿ ಇಟ್ಕೊಂಡು ಅಷ್ಟು ಬೀಜ ಹೆಂಗ ಹಾಕಿದಿ ದೊಡ್ಡವ್ವ?”

ಅವಳು ಅಂದದ್ದು ಇಷ್ಟು: “ಅವಾ ತನ್ನ ಎಲಿ ನೋಡಿಲ್ಲ, ನಾನು ನೋಡೀನಿ. ಒದರೋನ ಮುಂದ ಒದರಬ್ಯಾಡ, ಅವಾ ಹೆದರೋದಿಲ್ಲ. ಹಂಗಂತ ಓಡಿನೂ ಹೋಗಬ್ಯಾಡ. ಕೈಯಾಗ ಎಕ್ಕ ಐತೋ ಇಲ್ಲೋ ನೋಡ್ಕೊಂಡು ಕೂಡು.”

ದೊಡ್ಡವ್ವನ ಮಾತಿನ ಲೆಕ್ಕ ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಶಾಲೆಯಲ್ಲಿ ಗಣಿತದ ಸರ್ ಒಬ್ಬರಿಗೆ ಈ ಕಥೆ ಹೇಳಿದಾಗ ಅವರು ಹಾಜರಿ ಪುಸ್ತಕದ ಹಿಂಬದಿಯಲ್ಲೇ ಲೆಕ್ಕ ಹಾಕಿ ತೋರಿಸಿದರು. 52 ಎಲೆಗಳಲ್ಲಿ ಮೂರೆಲೆಯ ಕೈ 22,100 ಬಗೆಯಲ್ಲಿ ಬರಬಹುದು. ಅದರಲ್ಲಿ 16,440 ಕೈಗಳಲ್ಲಿ ಜೋಡಿಯಿಲ್ಲ, ಸಾಲಿಲ್ಲ, ಮೂರೂ ಒಂದೇ ಬಗೆಯದೂ ಅಲ್ಲ. ಅಂದರೆ ನೂರಕ್ಕೆ ಎಪ್ಪತ್ನಾಲ್ಕು ಸಲ ಕೈ ಖಾಲಿ. ಬರೀ ಜೋಡಿ ಬರುವುದೂ ನೂರಕ್ಕೆ ಹದಿನೇಳೇ ಸಲ. ಪ್ರತಿ ಆಟದಲ್ಲೂ ಎಲೆ ನೋಡದೆ ಏರಿಸುವವನು ನಾಲ್ಕರಲ್ಲಿ ಮೂರು ಸಲ ಖಾಲಿ ಕೈಯಲ್ಲಿ ಒದರುತ್ತಿದ್ದಾನೆ ಎಂದಾಯಿತು. ಅವನ ಎದುರು ಎಕ್ಕವೊಂದೇ ದೊಡ್ಡದಾಗಿರುವ ಕೈ ಕೂಡ ಅರ್ಧಕ್ಕಿಂತ ಹೆಚ್ಚು ಸಲ ಗೆಲ್ಲುತ್ತದೆ. “ನಿಮ್ಮ ದೊಡ್ಡವ್ವನಿಗೆ ಇದನ್ನ ಯಾರು ಕಲಿಸಿದ್ರು ಮೇಡಂ?” ಎಂದರು ಸರ್. ಯಾರು ಕಲಿಸಬೇಕು? ವಿಧವೆಯಾಗಿ ತುಂಬಿದ ಮನೆಯಲ್ಲಿ ನಲವತ್ತು ವರ್ಷ ಬಾಳಿದವಳಿಗೆ ಒದರುವವರನ್ನು ಅಳೆಯುವುದು ತಾನಾಗಿ ಬಂದಿತ್ತು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗ ಪೋಕರ್ ಎಂಬ ಆಟದ ವಿಷಯ ಹೇಳುತ್ತಾನೆ. ನಮ್ಮ ಮೂರೆಲೆ ಇಂಗ್ಲಿಷರ ಬ್ರ್ಯಾಗ್ ಎಂಬ ಆಟದಿಂದ ಬಂದದ್ದಂತೆ. ಪೋಕರ್ ಅದರ ದಾಯಾದಿ. ಬ್ರ್ಯಾಗ್ ಎಂದರೆ ಜಂಬ ಕೊಚ್ಚುವುದು. ಹೆಸರಿನಲ್ಲೇ ಆಟದ ಗುಟ್ಟಿದೆ. ಪೋಕರಿನಲ್ಲೂ ನಮ್ಮ ಮಾವನಂಥವರಿರುತ್ತಾರೆ. ಅವರೆದುರು ಹೇಗೆ ಆಡಬೇಕೆಂದು ಬಲ್ಲವರು ದೊಡ್ಡ ದೊಡ್ಡ ಪುಸ್ತಕ ಬರೆದಿದ್ದಾರಂತೆ. ಸಾರ ಕೇಳಿದರೆ ನಾಲ್ಕೇ ಮಾತು: ಎದೆಗುಂದಿ ಪ್ರತಿ ಸಲ ಬಿಟ್ಟುಕೊಡಬೇಡ, ಸಿಟ್ಟಿನಿಂದ ಅವನಂತೆಯೇ ಏರಿಸಬೇಡ, ಬಿಟ್ಟುಕೊಡದವನನ್ನು ಸುಳ್ಳು ಬೆದರಿಕೆಯಿಂದ ಓಡಿಸಲು ಹೋಗಬೇಡ, ಒಳ್ಳೆಯ ಎಲೆ ಬಂದಾಗ ಸುಮ್ಮನಿದ್ದು ಅವನೇ ಹಾಕಲು ಬಿಡು. “ಇದನ್ನ ನಮ್ಮ ದೊಡ್ಡವ್ವ ಹುಣಸೆ ಬೀಜದಾಗ ಹೇಳಿದ್ಲು” ಎಂದೆ. ಮಗ ನಕ್ಕ.

ನಗುವ ವಿಷಯ ಇಷ್ಟೇ. ಇನ್ನು ಮುಂದಿನದು ಬೇರೆ.

2021ರಲ್ಲಿ ಅಪ್ಪ ತೀರಿಕೊಂಡರು. ಸಿರಿಗೇರಿಯಲ್ಲಿ ಎಂಟು ಎಕರೆ ಪಿತ್ರಾರ್ಜಿತ ಗದ್ದೆ. ನಾವು ನಾಲ್ವರು: ಅಕ್ಕ, ಅಣ್ಣ, ನಾನು, ತಂಗಿ. ಅವ್ವ ಅಣ್ಣನ ಮನೆಯಲ್ಲಿ. ಗದ್ದೆ ಮಾಡುತ್ತಿದ್ದವನು ಅಣ್ಣನೇ, ಅದರ ಬಗ್ಗೆ ನಮಗ್ಯಾರಿಗೂ ತಕರಾರಿರಲಿಲ್ಲ. 2023ರ ಯುಗಾದಿಗೆ ಹೋದಾಗ ಅವನು ಒಂದು ಕಾಗದ ತಂದು ಮುಂದಿಟ್ಟ. ಹಕ್ಕು ಬಿಡುಗಡೆ ಪತ್ರ. ಮೂವರು ಹೆಣ್ಣುಮಕ್ಕಳೂ ತಮ್ಮ ಪಾಲನ್ನು ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇವೆ ಎಂದು ಅದರಲ್ಲಿ ಬರೆದಿತ್ತು. “ಸಹಿ ಮಾಡ್ರಿ, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಬರೋಣು” ಎಂದ. ಬೇಡುವ ದನಿಯಲ್ಲಲ್ಲ, ನಮ್ಮ ಮಾವನ ದನಿಯಲ್ಲಿ.

ಅಕ್ಕ ಪೆನ್ನು ಕೇಳಿದಳು. “ತವರುಮನಿ ಬಾಗಲಾ ತೆರದಿದ್ರ ಸಾಕವ್ವಾ, ಭೂಮಿ ತಗೊಂಡು ಏನು ಮಾಡ್ಲಿ” ಎಂದಳು. ತಂಗಿ ಎದ್ದು ನಿಂತು, “ಕೋರ್ಟಿಗೆ ಹೋಗ್ತೀನಿ, ಇಂಚು ಬಿಡೋದಿಲ್ಲ” ಎಂದು ಕೂಗಾಡಿ, ಹಬ್ಬದ ಊಟ ಬಿಟ್ಟು ಬಸ್ಸು ಹತ್ತಿದಳು. ಕೋರ್ಟಿಗೆ ಹೋಗಲು ಅವಳ ಬಳಿ ದುಡ್ಡೂ ಇರಲಿಲ್ಲ, ಗಂಡನ ಒಪ್ಪಿಗೆಯೂ ಇರಲಿಲ್ಲ. ಅದು ಅಣ್ಣನಿಗೂ ಗೊತ್ತಿತ್ತು. ನನಗೆ ಆ ಗಳಿಗೆಯಲ್ಲಿ ಹಳೆಯ ಪಡಸಾಲೆ ಕಣ್ಣಿಗೆ ಬಂತು. ಒಬ್ಬಳು ಪ್ಯಾಕ್ ಅಂದಿದ್ದಳು, ಇನ್ನೊಬ್ಬಳು ಎಲೆ ನೋಡದೆ ಹದಿನಾರು ಹಾಕಿದ್ದಳು. ನಾನು, “ಓದಿ ಹೇಳ್ತೀನಿ ಅಣ್ಣಾ” ಎಂದು ಕಾಗದದ ಒಂದು ಪ್ರತಿ ಬ್ಯಾಗಿನಲ್ಲಿಟ್ಟುಕೊಂಡೆ. ಅಕ್ಕನ ಸಹಿಯನ್ನೂ ಅದೇ ನೆಪದಲ್ಲಿ ತಡೆದೆ.

ಇಲ್ಲಿ ಒಂದು ಮಾತು ನಿಲ್ಲಿಸಿ ಹೇಳಬೇಕು. ನಮಗೆ ಹುಟ್ಟಿದಾಗಿನಿಂದ ತಾಳ್ಮೆಯ ಪಾಠ ಹೇಳುತ್ತಾರೆ. ತಾಳಿದವಳು ಬಾಳಿಯಾಳು ಎನ್ನುತ್ತಾರೆ. ಆದರೆ ನಮಗೆ ಕಲಿಸುವ ತಾಳ್ಮೆ ಬಹಳ ಸಲ ಬರೀ ಪ್ಯಾಕ್ ಅನ್ನುವುದು. ಪ್ಯಾಕ್ ಅನ್ನುವವಳು ಏನೂ ಕಳೆದುಕೊಳ್ಳುವುದಿಲ್ಲ ಎಂದು ನೋಡುವವರಿಗೆ ಕಾಣುತ್ತದೆ. ಆಟ ಬಲ್ಲವರಿಗೆ ಗೊತ್ತು, ಪ್ರತಿ ಸಲವೂ ನಡುವೆ ಇಟ್ಟ ಒಂದು ಬೀಜ ಹೋಗಿರುತ್ತದೆ. ಐವತ್ತು ಸಲ ಪ್ಯಾಕ್ ಅಂದರೆ, ಒಂದು ಸಲವೂ ಸೋಲದೆ, ಐವತ್ತು ಬೀಜವೂ ಖಾಲಿ. ಎಷ್ಟು ಮನೆಗಳಲ್ಲಿ ಹೆಂಗಸರು ಹೀಗೆ ಒಂದೊಂದು ಬೀಜವಾಗಿ ಖಾಲಿಯಾಗಿದ್ದಾರೆ, ನಿಮ್ಮ ಓಣಿಯಲ್ಲೇ ಎಣಿಸಿ ನೋಡಿ. ದೊಡ್ಡವ್ವ ಕಾಯುತ್ತಿದ್ದಳು, ನಿಜ. ಆದರೆ ತನ್ನ ಎಲೆ ನೋಡಿಕೊಂಡು ಕಾಯುತ್ತಿದ್ದಳು. ವ್ಯತ್ಯಾಸ ಇರುವುದು ಅಲ್ಲಿ.

ನನ್ನ ಎಲೆ ನೋಡಿಕೊಳ್ಳಲು ಬಳ್ಳಾರಿಯಲ್ಲಿ ವಕೀಲಿಕೆ ಮಾಡುವ ಹಳೆಯ ವಿದ್ಯಾರ್ಥಿನಿಯೊಬ್ಬಳ ಬಳಿ ಹೋದೆ. ಅವಳು ಹೇಳಿದ್ದನ್ನು ನಿಮಗೂ ಹೇಳುತ್ತೇನೆ, ಉಪಯೋಗಕ್ಕೆ ಬಂದೀತು. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ಕಾನೂನು ಬಂತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ಸಿಗಲಿಲ್ಲ. ನನ್ನ ಮದುವೆ ಆದದ್ದು 1993ರಲ್ಲಿ. ಇಷ್ಟು ದಿನ ಅದನ್ನೇ ನಂಬಿ ಕೂತಿದ್ದೆ. ಆದರೆ 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಜಾರಿಗೆ ಬಂದಿದೆ. ಮಗಳು ಮದುವೆಯಾಗಿರಲಿ ಬಿಡಲಿ, ಹುಟ್ಟಿನಿಂದಲೇ ಮಗನಿಗೆ ಸಮ. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನಿನಂತೆ ಪಾಲಾಗಿ ಹೋಗಿದ್ದರೆ ಮಾತ್ರ ಆ ಪಾಲನ್ನು ಕೆದಕುವಂತಿಲ್ಲ. ಈ ಬಗ್ಗೆ ಇದ್ದ ಗೊಂದಲವನ್ನು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ತೀರಿಸಿತು. ನಮ್ಮ ಮನೆಯಲ್ಲಿ ಪಾಲು ಆಗಿಯೇ ಇರಲಿಲ್ಲ. “ಮೇಡಂ, ನೀವು ಸಹಿ ಮಾಡದಿದ್ರೆ ಅಣ್ಣಾವ್ರು ಏನೂ ಮಾಡೋಕಾಗಲ್ಲ” ಎಂದಳು ಹುಡುಗಿ. ನನ್ನ ಕೈಯಲ್ಲಿ ಎಕ್ಕ ಇತ್ತು.

ಅಣ್ಣ ತನ್ನ ಎಲೆ ನೋಡಿರಲಿಲ್ಲ. ಹೆಣ್ಣುಮಕ್ಕಳಿಗೆ ಹಕ್ಕಿಲ್ಲ, ಸಹಿ ಬರೀ ಶಾಸ್ತ್ರಕ್ಕೆ ಎಂದೇ ಅವನು ತಿಳಿದಿದ್ದ. ಹಾಗೆ ತಿಳಿದೇ ಏರಿಸುತ್ತ ಹೋದ. ಎರಡನೆಯ ಸಲ ಬಳ್ಳಾರಿಗೆ ಬಂದು, “ನೌಕರಿ ಐತಿ, ಪಿಂಚಣಿ ಬರತೈತಿ, ನಿನಗ್ಯಾಕ ಭೂಮಿ?” ಎಂದ. ನಾನು ಚಹಾ ಕೊಟ್ಟೆ. ಮೂರನೆಯ ಸಲ, “ಪಂಚಮಿಗೆ ಕರೆಯಾಕ ಬರೋದಿಲ್ಲ” ಎಂದ. ನಾಲ್ಕನೆಯ ಸಲ ಫೋನಿನಲ್ಲಿ, “ಸಹಿ ಮಾಡದಿದ್ರ ಅವ್ವನ್ನ ನೋಡಾಕ ಈ ಮನಿಗೆ ಕಾಲಿಡಬ್ಯಾಡ್ರಿ” ಎಂದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೋಡದವನಿಗೆ ಒಂದು ಬೀಜ, ನೋಡಿದವಳಿಗೆ ಎರಡು. ತಿಳಿದವರಿಗೆ ಆಟದ ಖರ್ಚು ಯಾವಾಗಲೂ ಹೆಚ್ಚು.

ಆ ದಿನಗಳಲ್ಲೇ, 2024ರ ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಜಲಾಶಯದ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ನಮ್ಮ ಸೀಮೆಯ ಯಾವ ರೈತನ ಮನೆಯಲ್ಲೂ ಆ ವಾರ ನೆಮ್ಮದಿಯಿರಲಿಲ್ಲ. ಅಲ್ಲಿ ಏನು ಮಾಡಿದರೆಂದು ನೆನಪಿರಬಹುದು. ನುಗ್ಗುವ ನೀರಿಗೆ ಎದೆಯೊಡ್ಡಲಿಲ್ಲ. ಉಳಿದ ಗೇಟುಗಳನ್ನೂ ತೆರೆದು ನೀರು ಹೊರಬಿಟ್ಟು, ಅಣೆಕಟ್ಟಿನ ಮೇಲಿನ ಒತ್ತಡ ತಗ್ಗಿಸಿದರು. ಹಾಗಂತ ಜಲಾಶಯ ಪೂರ್ತಿ ಬರಿದಾಗಲಿ ಎಂದು ಕೈಕಟ್ಟಿ ಕೂಡಲೂ ಇಲ್ಲ. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ವಾರದೊಳಗೆ, ಹರಿಯುವ ನೀರಿನಲ್ಲೇ ಉಕ್ಕಿನ ತಡೆಯನ್ನು ಒಂದೊಂದೇ ತುಂಡಾಗಿ ಇಳಿಸಿ ಉಳಿದ ನೀರನ್ನು ಹಿಡಿದರು. ಟಿವಿಯಲ್ಲಿ ಅದನ್ನು ನೋಡುತ್ತ ನಾನು ಅಣ್ಣನನ್ನೇ ನೆನೆಯುತ್ತಿದ್ದೆ.

ಆ ವರ್ಷ ಡಿಸೆಂಬರಿನಲ್ಲಿ, ಭತ್ತದ ಕೊಯ್ಲು ಮುಗಿದ ಮೇಲೆ, ಅಣ್ಣ ಕಡೆಯ ಮಾತು ಹೇಳಿದ: “ಊರ ಹಿರೇರನ್ನ ಕೂಡಸ್ತೀನಿ. ನಾಲ್ಕು ಮಂದಿ ಮುಂದ ತೀರ್ಮಾನ ಆಗ್ಲಿ. ಆಗ ನಿನ್ನ ಮಾನ ಏನಾಗತೈತಿ ನೋಡ್ಕೋ.”

ನಾನು ಆಗ ಹೇಳಬಹುದಾಗಿತ್ತು. “ಅಣ್ಣಾ, ಕೂಡಸಬ್ಯಾಡ, ಕಾನೂನು ಹಿಂಗೈತಿ, ನಿನಗs ಅವಮಾನ ಆಗತೈತಿ” ಎನ್ನಬಹುದಾಗಿತ್ತು. ಫೋನು ಕೈಯಲ್ಲಿತ್ತು, ಮಾತು ಬಾಯಿಯವರೆಗೆ ಬಂದಿತ್ತು. ನಾನು ಅಂದದ್ದು, “ಕೂಡಿಸು ಅಣ್ಣಾ.” ಬಡಿಸುವ ದನಿಯಲ್ಲಿ. “ಹಾಕಪ್ಪ, ನೀನು ಹಾಕು.”

ಆ ದಿನ ನಡೆದದ್ದನ್ನು ಬೆಳೆಸಿ ಹೇಳುವುದಿಲ್ಲ. ನಾಲ್ಕು ಜನ ಹಿರಿಯರು, ನಾವು ನಾಲ್ವರು, ಬಾಗಿಲ ಹೊಸ್ತಿಲಲ್ಲಿ ಅವ್ವ. ಅಣ್ಣ ಅರ್ಧ ಗಂಟೆ ಮಾತಾಡಿದ. ಆಮೇಲೆ ನಾನು ಕಾನೂನಿನ ಕಾಗದ, ಪಹಣಿ ಎರಡನ್ನೂ ತೆಗೆದಿಟ್ಟೆ. ಹಿರಿಯರಲ್ಲಿ ಓದಿಕೊಂಡವರೊಬ್ಬರು ಕನ್ನಡಕ ಹಾಕಿಕೊಂಡು ಓದಿ, “ಇದು ಸರಿ ಐತೆಪ್ಪಾ. ಇವರು ಒಪ್ಪದಿದ್ರ ನೀನೇನೂ ಮಾಡಾಕ ಬರಂಗಿಲ್ಲ” ಎಂದರು. ನಾನು ಒಂದೇ ಮಾತು ಕೇಳಿದೆ: “ಅಣ್ಣಾ, ಇಷ್ಟು ಅವಸರ ಯಾಕ? ಖರೇ ಏನು ಹೇಳು.”

ಅದು ಶೋ. ಅಣ್ಣ ಎಲೆ ತಿರುಗಿಸಿದ.

ಅವನ ಮಗ, ಎಂಜಿನಿಯರಿಂಗ್ ಓದುತ್ತಿದ್ದ ನನ್ನ ಸೋದರಳಿಯ, ಫೋನಿನಲ್ಲಿ ಎಲೆಯಾಟ ಆಡಿ ಏಳು ಲಕ್ಷ ಕಳೆದಿದ್ದ. ಕೈಸಾಲ, ಅದರ ಬಡ್ಡಿ, ಬಡ್ಡಿಗೆ ಮತ್ತೆ ಸಾಲ. ಸಾಲ ಕೊಟ್ಟವರು ಮನೆ ಬಾಗಿಲಿಗೆ ಬರತೊಡಗಿದ್ದರು. ಎರಡು ವರ್ಷ ಅಣ್ಣ ಇದನ್ನು ಹೆಂಡತಿಗೂ ಪೂರ್ತಿ ಹೇಳಿರಲಿಲ್ಲ. ನಮ್ಮ ಸಹಿ ಸಿಕ್ಕ ಮರುದಿನವೇ ಗದ್ದೆ ಮಾರುವುದು ಅವನ ಲೆಕ್ಕ. ಹೇಳುತ್ತ ಹೇಳುತ್ತ ಅವನ ದೊಡ್ಡ ದನಿ ಒಡೆಯಿತು. ಬೀಜ ಕಳೆದುಕೊಂಡು ಅಳು ನುಂಗಿ ಮಲಗಲು ಹೋಗುತ್ತಿದ್ದ ಹುಡುಗನ ಮುಖ ಐವತ್ತೆಂಟು ವರ್ಷದ ಆ ಮುಖದೊಳಗೆ ಕಂಡಿತು. ಹೊಸ್ತಿಲಲ್ಲಿದ್ದ ಅವ್ವನ ಕಡೆ ನೋಡಿದೆ. ಅವ್ವ ಅಣ್ಣನನ್ನೂ ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದಳು.

ಗೆದ್ದದ್ದು ನಾನು. ಯಾಕೋ ಬೀಜ ಬಾಚಿಕೊಳ್ಳಲು ಕೈ ಮುಂದೆ ಬರಲಿಲ್ಲ.

ಆ ಹುಡುಗನ ಆಟದ ಬಗ್ಗೆ ಸರಕಾರಗಳೂ ನ್ಯಾಯಾಲಯಗಳೂ ಬಹಳ ತಲೆಕೆಡಿಸಿಕೊಂಡಿವೆ. 1968ರಲ್ಲೇ ಸುಪ್ರೀಂ ಕೋರ್ಟು ರಮ್ಮಿಯನ್ನು ಜಾಣ್ಮೆಯ ಆಟವೆಂದೂ ಮೂರೆಲೆಯನ್ನು ಅದೃಷ್ಟದ ಆಟವೆಂದೂ ಬೇರೆ ಮಾಡಿತ್ತು. 2021ರಲ್ಲಿ ಕರ್ನಾಟಕ ಸರಕಾರ ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಕೇಂದ್ರವೇ, ಜಾಣ್ಮೆಯದಿರಲಿ ಅದೃಷ್ಟದ್ದಿರಲಿ, ದುಡ್ಡಿನ ಆನ್‌ಲೈನ್ ಆಟವೆಲ್ಲವನ್ನೂ ನಿಷೇಧಿಸುವ ಕಾನೂನು ತಂದಿತು. ನಮ್ಮ ಮನೆಯ ಮಟ್ಟಿಗೆ ಅದು ತಡವಾಗಿ ಬಂತು. ಹುಡುಗನನ್ನು ಕೂಡಿಸಿಕೊಂಡು ಕೇಳಿದೆ, ಎಲ್ಲಿ ತಪ್ಪಿದೆ ಎಂದು. “ಸೋತಿದ್ದನ್ನ ಒಂದೇ ಸಲಕ್ಕ ವಾಪಸ್ ತಗೋಬೇಕು ಅಂತ ಏರಿಸ್ಕೊಂತ ಹೋದೆ ಅತ್ತೀ. ಅಲ್ಲಿ ಎದುರಿಗೆ ಕೂತೋರ ಮುಖ ಕಾಣೋದಿಲ್ಲ” ಎಂದ. ಮುಖ ಕಾಣುತ್ತಿದ್ದ ನಾನೇನು ಮಾಡಿದೆ ಎಂದು ಆಗ ನನ್ನನ್ನೇ ಕೇಳಿಕೊಂಡೆ.

ಪ್ರಶ್ನೆ ಇದು: ಮಿತಿಮೀರಿ ನುಗ್ಗುವವನನ್ನು ಅವನ ನುಗ್ಗುವಿಕೆಯಿಂದಲೇ ಬೀಳಿಸುವುದು ಧರ್ಮವೆ? ಆಟದಲ್ಲಿ ಹೌದು. ಆಟಕ್ಕೆ ಕೂತವರು ಒಪ್ಪಿ ಕೂತವರು. ಎದುರಿಗಿದ್ದವನು ತನ್ನ ಎಲೆ ಮುಚ್ಚಿಡುತ್ತಾನೆ ಎಂದು ಇಬ್ಬರಿಗೂ ಗೊತ್ತು. ಮಾವ ಸೋತರೆ ಹುಣಸೆ ಬೀಜ ಹೋಗುತ್ತದೆ, ಬೆಳಿಗ್ಗೆ ಎಲ್ಲರೂ ಕೂಡಿ ಹೋಳಿಗೆ ಉಣ್ಣುತ್ತಾರೆ. ಮನೆತನ ಆಟವಲ್ಲ. ಅಲ್ಲಿ ಯಾರೂ ಒಪ್ಪಿ ಕೂತಿರುವುದಿಲ್ಲ, ಹುಟ್ಟಿ ಕೂತಿರುತ್ತಾರೆ. ಬಿಟ್ಟುಕೊಡದೆ ಇದ್ದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಸಹಿ ಮಾಡಿದ್ದರೆ ಅವ್ವನ ತಲೆಯ ಮೇಲಿನ ಸೂರಿನವರೆಗೆ ಎಲ್ಲವೂ ಹೋಗುತ್ತಿತ್ತು. ಕೂಗಾಡದೆ ಇದ್ದದ್ದಕ್ಕೂ ಇಲ್ಲ. ಆದರೆ “ಕೂಡಿಸು ಅಣ್ಣಾ” ಅಂದೆನಲ್ಲ, ಅದು ತಾಳ್ಮೆಯಾಗಿರಲಿಲ್ಲ. ನಾಲ್ಕು ಜನರ ಮುಂದೆ ಅವನು ಬೀಳುವುದನ್ನು ನಾನು ನೋಡಬೇಕೆಂದಿದ್ದೆ. ಎರಡು ವರ್ಷ ನುಂಗಿದ್ದಕ್ಕೆ ಬಡ್ಡಿ ಕೇಳಿದೆ. ಅವನ ಎದುರು ಅವನ ಸಿಟ್ಟು ಕಾಣುತ್ತಿತ್ತು. ನನ್ನ ಸಿಟ್ಟು ಸೌಮ್ಯದ ಸೀರೆ ಉಟ್ಟುಕೊಂಡಿತ್ತು, ಅಷ್ಟೇ ವ್ಯತ್ಯಾಸ.

ನಮ್ಮ ಕನಕದಾಸರು ಕನ್ನಡದಲ್ಲಿ ಹೇಳಿದ ನಳನ ಕಥೆ ನಿಮಗೆ ಗೊತ್ತು. ಜೂಜಿನಲ್ಲಿ ರಾಜ್ಯ ಕಳೆದುಕೊಂಡು ಕಾಡಿಗೆ ಹೋದವನು ನಳ. ಋತುಪರ್ಣನಿಂದ ಅಕ್ಷಹೃದಯವೆಂಬ ವಿದ್ಯೆ ಕಲಿತು ಬಂದು, ಬೀಗುತ್ತಿದ್ದ ಪುಷ್ಕರನನ್ನು ಸೋಲಿಸಿದ. ಗೆದ್ದ ಮೇಲೆ ಅವನನ್ನು ಕೊಲ್ಲಲಿಲ್ಲ, ಕಾಡಿಗೂ ಅಟ್ಟಲಿಲ್ಲ. ಕ್ಷಮಿಸಿ, ಅವನದನ್ನು ಅವನಿಗೆ ಕೊಟ್ಟು ಕಳಿಸಿದ. ತರಗತಿಯಲ್ಲಿ ಈ ಕಥೆ ಹೇಳುವಾಗ ನಾನು ಅಕ್ಷಹೃದಯದ ಭಾಗವನ್ನೇ ಉತ್ಸಾಹದಿಂದ ಹೇಳುತ್ತಿದ್ದೆ. ಈಗ ಕೊನೆಯ ಭಾಗ ದೊಡ್ಡದಾಗಿ ಕಾಣುತ್ತದೆ. ಆಟ ಕಲಿತವನಿಗೆ ಗೆದ್ದ ಮೇಲೆ ಏನು ಮಾಡಬೇಕೆಂಬುದೂ ಗೊತ್ತಿರಬೇಕು.

ನಾವು ಮಾಡಿದ್ದು ಹೀಗೆ. ಬಿಡುಗಡೆ ಪತ್ರವೂ ಇಲ್ಲ, ದಾವೆಯೂ ಇಲ್ಲ. ಎಲ್ಲರೂ ಸಹಿ ಹಾಕಿ ಒಂದು ಎಕರೆ ಮಾರಿದೆವು, ಸಾಲ ತೀರಿತು. ಉಳಿದದ್ದು ಅವ್ವನ ಹೆಸರೂ ಸೇರಿ ಎಲ್ಲರ ಹೆಸರಿನಲ್ಲಿ ದಾಖಲಾಯಿತು. ಗದ್ದೆ ಅಣ್ಣನೇ ಮಾಡುತ್ತಾನೆ. ಸುಗ್ಗಿಯಲ್ಲಿ ನಮ್ಮ ಪಾಲಿನ ಭತ್ತ ಕೊಡುತ್ತಾನೆ. ತಂಗಿಗೆ ಇದು ಇಂದಿಗೂ ಒಪ್ಪಿಗೆಯಿಲ್ಲ. “ನಿನ್ನ ಕರುಣಾ ನಮ್ಮ ದುಡ್ಡಿನಾಗ ಮಾಡಿದಿ ಅಕ್ಕಾ. ನಾವು ಸಾಲ ಮಾಡಿದ್ರ ಅವಾ ಎಕರೆ ಮಾರತಿದ್ನೇನು?” ಎನ್ನುತ್ತಾಳೆ. ಅವಳಿಗೆ ಕೊಡಲು ನನ್ನ ಬಳಿ ಉತ್ತರವಿಲ್ಲ. ಬಹುಶಃ ಮಾರುತ್ತಿರಲಿಲ್ಲ. ಆದರೆ ಅವನು ಹೇಗಿದ್ದಾನೆ ಎಂಬುದರ ಮೇಲೆ ನಾನು ಹೇಗಿರಬೇಕೆಂದು ನಿರ್ಧರಿಸಿದರೆ, ಆಟ ನಡೆಸುತ್ತಿರುವವನು ಮತ್ತೆ ಅವನೇ ಆದನಲ್ಲ?

2025ರ ದೀಪಾವಳಿಗೆ ಸಿರಿಗೇರಿಗೆ ಹೋಗಿದ್ದೆ. ಪೂಜೆ ಮುಗಿದ ಮೇಲೆ ಮಕ್ಕಳು ಎಲೆ ಕೇಳಿದರು. ಅವ್ವ ಬೇಡವೆಂದಳು, ಯಾರೂ ಒತ್ತಾಯಿಸಲಿಲ್ಲ. ಎಲ್ಲರೂ ಮಲಗಿದ ಮೇಲೆ ಅಣ್ಣ ಕಟ್ಟೆಯ ಮೇಲೆ ನನ್ನ ಪಕ್ಕ ಬಂದು ಕೂತ. ಬಹಳ ಹೊತ್ತು ಗದ್ದೆಯ ಮಾತು, ಮಗನಿಗೆ ಸಿಕ್ಕ ಕೆಲಸದ ಮಾತು. ಆಮೇಲೆ, ನನ್ನ ಕಡೆ ನೋಡದೆ ಕೇಳಿದ:

“ಅಲ್ಲವ್ವಾ, ಕಾನೂನು ನಿನಗ ಮೊದಲೇ ಗೊತ್ತಿತ್ತಲ್ಲ. ಹಿರೇರ ಮುಂದ ಕೂಡಿಸೋಕಿಂತ ಮೊದಲು ನನಗೊಬ್ಬನಿಗ ಯಾಕ ಹೇಳಲಿಲ್ಲ?”

ಸಿಟ್ಟಿನಿಂದ ಕೇಳಲಿಲ್ಲ. ಏರಿಸುವ ದನಿ ಅಲ್ಲವೇ ಅಲ್ಲ. ತನ್ನ ಎಲೆಯನ್ನು ತಾನೇ ತಿರುಗಿಸಿಟ್ಟವನಂತೆ ಕೇಳಿದ. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. “ತಪ್ಪಾತು ಅಣ್ಣಾ” ಎಂದೆ. ಅವನು ತಲೆಯಾಡಿಸಿ, “ನಂದೂ” ಎಂದು ಎದ್ದುಹೋದ.

ಬಿಟ್ಟುಕೊಡಬೇಡಿ, ಕೂಗಾಡಬೇಡಿ, ನಿಮ್ಮ ಎಲೆ ನೋಡಿಕೊಂಡು ಕೂಡಿ ಎಂಬ ದೊಡ್ಡವ್ವನ ಮಾತನ್ನು ನಾನು ಈಗಲೂ ಹೆಣ್ಣುಮಕ್ಕಳಿಗೆ ಹೇಳುತ್ತೇನೆ. ಅದರ ಮುಂದೆ ನನ್ನದೊಂದು ಮಾತು ಸೇರಿಸುತ್ತೇನೆ: ಎದುರಿಗಿರುವವನು ನಿಮ್ಮವನಾಗಿದ್ದರೆ, ಶೋ ಕೇಳುವ ಮೊದಲು ಒಂದು ಸಲ, ಯಾರೂ ಇಲ್ಲದಾಗ, ನಿಮ್ಮ ಕೈಯಲ್ಲೇನಿದೆ ಎಂದು ಅವನಿಗೆ ಹೇಳಿಬಿಡಿ. ಕೇಳದೆ ಹೋದರೆ ಅದು ಅವನ ಪಾಲು. ಹೇಳದೆ ಹೋದರೆ ಅದು ನಮ್ಮದು.